ಸಾಲಿಗೆ ಬಾರದ ಚಪ್ಪಲಿ

ಅನ್ನಪೂರ್ಣಾ ಕೂತು ಊಟ ಮಾಡಿದ್ದನ್ನು ಕಂಡವರು ಹಳಿಯಾಳದಿಂದ ಮುಂಡಗೋಡದವರೆಗೆ ಯಾರೂ ಇಲ್ಲ. ಡಬ್ಬಿಯ ಮುಚ್ಚಳದ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಫೋನು. ತಿನ್ನುತ್ತಲೇ ವಿದ್ಯುತ್ ಟವರಿನ ನಾಲ್ಕು ಕಾಲುಗಳಿಗೆ ಪ್ರದಕ್ಷಿಣೆ. ಗಂಡ ಶಿವಯೋಗಿ ದಾಂಡೇಲಿಯಲ್ಲಿ ಹೈಸ್ಕೂಲು ಮಾಸ್ತರ, ಚಹಾ ಕುಡಿಯಲು ಅರ್ಧ ತಾಸು ತೆಗೆದುಕೊಳ್ಳುವ ಸಾವಧಾನದ ಮನುಷ್ಯ. "ನಿಮ್ಮಪ್ಪ ನಿನ್ನ ಕಾಲಿಗೆ ಚಕ್ರ ಕಟ್ಟಿ ಕಳಿಸ್ಯಾನ" ಎಂದು ಮದುವೆಯಾದ ವರ್ಷದಿಂದ ಹೇಳುತ್ತ ಬಂದಿದ್ದಾನೆ. ಇಪ್ಪತ್ತೆರಡು ವರ್ಷವಾಯಿತು, ಮಾತೂ ಸವೆದಿಲ್ಲ, ಚಕ್ರವೂ ಸವೆದಿಲ್ಲ.

ಚಕ್ರ ಕಟ್ಟಿದ್ದು ಅಪ್ಪನಲ್ಲ. ಕಾಗದದ ಕಾರ್ಖಾನೆಯ ಭೋಂಗಾ, ಪಾಳಿಗೆ ಕರೆಯುವ ಸೈರನ್ನು.

ಅವಳ ಅಪ್ಪ ಪರಸಪ್ಪ ಕಲಘಟಗಿ ಕಡೆಯಿಂದ ದಾಂಡೇಲಿಗೆ ಬಂದವನು. ಬಿದಿರಿನ ಡಿಪೋದಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಲಾರಿ ಇಳಿಸುತ್ತಿದ್ದ. ಆ ಕೆಲಸವೂ ಅವನದಲ್ಲ, ಬದಲಿ. ಹಾಜರಿ ಪುಸ್ತಕದಲ್ಲಿ ಇದ್ದದ್ದು ದೂರದ ಸಂಬಂಧಿ ಭೋಜಪ್ಪನ ಹೆಸರು. ಭೋಜಪ್ಪನಿಗೆ ಜ್ವರ ಬಂದರೆ, ಊರಲ್ಲಿ ಬಿತ್ತನೆ ಬಂದರೆ, ಅಥವಾ ಸುಮ್ಮನೆ ಮೈಮುರಿಯಬೇಕೆನಿಸಿದರೆ, ಪರಸಪ್ಪ ಹೋಗಿ ಭೋಜಪ್ಪನಾಗಿ ನಿಲ್ಲಬೇಕು. ಇವತ್ತು ಕರೆ ಬರುತ್ತದೋ ಇಲ್ಲವೋ ತಿಳಿಯುತ್ತಿದ್ದುದು ಭೋಂಗಾ ಕೂಗುವ ಹೊತ್ತಿಗೆ. ಹಾಗಾಗಿ ಭೋಂಗಾಕ್ಕೆ ಮುಂಚೆ ಆ ಮನೆಯಲ್ಲಿ ಯಾರೂ ಕೂತವರಲ್ಲ. ರೊಟ್ಟಿಯ ಗಂಟು ಹಿಡಿದು ಅವ್ವ ಬಾಗಿಲಲ್ಲಿ, ಅಪ್ಪ ಓಣಿಯ ತುದಿಯಲ್ಲಿ, ಇಬ್ಬರ ನಡುವೆ ಓಡಾಡುತ್ತ ಅನ್ನಪೂರ್ಣಾ.

ಒಮ್ಮೆ ಬುತ್ತಿ ಕೊಡಲು ಡಿಪೋಗೆ ಹೋದಾಗ ಬೇಲಿಯ ಪಕ್ಕ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳಲ್ಲಿ ಅಪ್ಪನದನ್ನು ಹುಡುಕಿದಳು. ಸಿಗಲಿಲ್ಲ. ಅವು ನೀರಿನ ಡ್ರಮ್ಮಿನ ಹಿಂದೆ ಇದ್ದವು. ಯಾಕೆಂದು ಕೇಳಿದ್ದಕ್ಕೆ ಅಪ್ಪ ನಕ್ಕು, "ಆ ಸಾಲು ಅವರದವ್ವಾ" ಎಂದಿದ್ದ.

ಅವಳಿಗೆ ಹನ್ನೆರಡಾಗಿದ್ದಾಗ ಬಿದಿರಿನ ಹೊರೆ ಜಾರಿ ಪರಸಪ್ಪನ ಬಲಗೈಯ ಎರಡು ಬೆರಳು ಹೋದವು. ದವಾಖಾನೆಯಲ್ಲಿ ಹೆಸರು ಕೇಳಿದರು. ನೋವಿನಲ್ಲೂ ಅವನು ನಿಯತ್ತು ಬಿಡಲಿಲ್ಲ, "ಭೋಜಪ್ಪ" ಎಂದ. ಮುಂದೆ ಪರಿಹಾರದ ಮಾತು ಬಂದಾಗ ಕಾಗದದ ಪ್ರಕಾರ ಗಾಯವಾಗಿದ್ದು ಭೋಜಪ್ಪನಿಗೆ, ಆದರೆ ಭೋಜಪ್ಪನ ಹತ್ತೂ ಬೆರಳು ನೆಟ್ಟಗಿದ್ದವು. ಇದನ್ನು ಕೇಳಿ ಓಣಿಯವರು ನಕ್ಕಿದ್ದರು. ಪರಸಪ್ಪನೂ ನಕ್ಕಿದ್ದ. ಅನ್ನಪೂರ್ಣಾಳಿಗೆ ಮಾತ್ರ ಆ ನಗು ಇವತ್ತಿಗೂ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು.

ಹುಡುಗಿ ಓದಿದಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ವಿದ್ಯುತ್ ಕಂಪನಿ ಸೇರಿದಳು. ಮೊದಲು ಹಾಕಿದ್ದೇ ಜೋಯಿಡಾಕ್ಕೆ. ಗಾಡಿ ಹೋಗದ ಕಡೆ ಕಂಬಗಳನ್ನು ಹೆಗಲ ಮೇಲೆ ಹೊರಿಸಿ, ತಾನೂ ಒಂದು ತುದಿಗೆ ಹೆಗಲು ಕೊಟ್ಟು, ಗುಡ್ಡ ಹತ್ತಿ ಇಳಿದು ಲೈನು ಎಳೆಸಿದಳು. ಅಲ್ಲಿಂದ ರಾಮನಗರ, ಅಲ್ಲಿಂದ ಹಳಿಯಾಳ. ನಲವತ್ತಾರನೆಯ ವಯಸ್ಸಿಗೆ ಹಳಿಯಾಳದಿಂದ ಮುಂಡಗೋಡಕ್ಕೆ ಎರಡನೆಯ ದೊಡ್ಡ ಲೈನು ಹಾಕುವ ಯೋಜನೆಯ ಉಸ್ತುವಾರಿ ಅವಳ ಕೈಗೆ ಬಂತು. ನಲವತ್ತೆರಡು ಕಿಲೋಮೀಟರು, ನೂರಾ ಮೂವತ್ತು ಚಿಲ್ಲರೆ ಟವರು.

ಸಲಹೆಗಾರ ಸಂಸ್ಥೆಯವರು ಬಣ್ಣದ ಪಟ್ಟಿಗಳ ದೊಡ್ಡ ಚಾರ್ಟು ತಂದು ಆಫೀಸಿನ ಗೋಡೆಗೆ ಅಂಟಿಸಿದರು. ಯಾವ ತಿಂಗಳು ಅಡಿಪಾಯ, ಯಾವ ತಿಂಗಳು ಟವರು, ಯಾವ ತಿಂಗಳು ತಂತಿ, ಎಲ್ಲ ಅದರಲ್ಲಿತ್ತು. ಅನ್ನಪೂರ್ಣಾ ಅದನ್ನು ನಿಂತು ನೋಡಿ ಪೆನ್ಸಿಲ್ ತೆಗೆದಳು. ಸಾಂಬ್ರಾಣಿ ಕಡೆ ಭತ್ತದ ನಾಟಿ, ಹೊಲದಲ್ಲಿ ಕಾಲಿಡುವಂತಿಲ್ಲ. ಹೋಳಿಗೆ ಎಂಟು ದಿನ ಆಳು ಇಲ್ಲ. ಗೋವಾ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿದರೆ ಸಾಮಾನು ಒಂದು ದಿನ ತಡ. ಸಲಹೆಗಾರರು ಮುಸಿಮುಸಿ ನಕ್ಕರು. ಆರು ತಿಂಗಳ ಮೇಲೆ ಬಂದು ಅದೇ ಪೆನ್ಸಿಲಿನ ಗೀಟುಗಳ ಫೋಟೋ ಹೊಡೆದುಕೊಂಡು ಹೋದರು. ರೈತನ ಹೊಲಕ್ಕೆ ಅವಳು ನೋಟೀಸಿಗಿಂತ ಮೊದಲು ತಾನೇ ಹೋಗುತ್ತಿದ್ದಳು, ಅದೂ ಸುಗ್ಗಿ ಮುಗಿದ ಮೇಲೆ. ಬಾವಿ ಎಲ್ಲಿ, ದೇವರ ಕಲ್ಲು ಎಲ್ಲಿ ಎಂದು ಕೇಳಿಕೊಂಡು, ಅವೆರಡನ್ನೂ ತಪ್ಪಿಸಿ ಗುಂಡಿಗೆ ಗುರುತು ಹಾಕಿಸುತ್ತಿದ್ದಳು. ಎರಡು ವರ್ಷದಲ್ಲಿ ಆ ಲೈನಿನ ಮೇಲೆ ಒಂದು ಜೀವವೂ ಹೋಗಲಿಲ್ಲ. ಒಂದು ಬೆರಳೂ ಹೋಗಲಿಲ್ಲ. ಈ ಎರಡನೆಯ ಮಾತನ್ನು ಅವಳು ಯಾವ ವರದಿಯಲ್ಲೂ ಬರೆಯಲಿಲ್ಲ, ಅಪ್ಪನಿಗೆ ಮಾತ್ರ ಹೇಳಿದ್ದಳು.

ಒಂದು ವಿಷಯದಲ್ಲಿ ಮಾತ್ರ ಅವಳದು ಕಲ್ಲು ಮನಸ್ಸು. ಆಳುಗಳನ್ನು ಒಯ್ಯುವ ಟೆಂಪೋದ ಬೆನ್ನಿಗೆ ಅವಳೇ ಬರೆಸಿದ ಬೋರ್ಡು: ಕಂಪನಿಯ ಕಾರ್ಡು ಇಲ್ಲದವರು ಟವರು ಏರುವಂತಿಲ್ಲ. ಬದಲಿ ಕಂಡರೆ ಇಡೀ ಗ್ಯಾಂಗು ಮನೆಗೆ. ಏರುವಾಗೊಂದು ಸಹಿ, ಇಳಿಯುವಾಗೊಂದು ಸಹಿ, ಅದಕ್ಕೊಂದು ಪುಸ್ತಕ. ಮೇಸ್ತ್ರಿ ಗೂಳಪ್ಪ ಅರವತ್ತರ ಹತ್ತಿರದವನು, ಹಳಿಯಾಳದ ಸುತ್ತಲಿನ ಹಳ್ಳಿಗಳಿಂದ ಗ್ಯಾಂಗು ಕಟ್ಟಿದವನು. ಅವನು ಬೋರ್ಡು ಓದಿಸಿಕೊಂಡು, "ಆಗ್ಲಿರೀ ಬಾಯಾರ" ಎಂದಿದ್ದ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಜಾತಿಯ ವಿನಯ ಅದು. ಅವಳಿಗೆ ಆಗ ತಿಳಿಯಲಿಲ್ಲ.

ಕೊನೆಗೆ ಉಳಿದದ್ದು ಸನವಳ್ಳಿ ಹತ್ತಿರದ ಅಡವಿಯ ತುಂಡು. ಅಲ್ಲಿ ಹೊಸ ಮರ ಕಡಿಯಲು ಅನುಮತಿ ಇಲ್ಲದ್ದರಿಂದ, ಹಳೆಯ ಲೈನಿನ ಟವರುಗಳ ಖಾಲಿ ಇದ್ದ ಮಗ್ಗುಲಿಗೇ ಹೊಸ ತಂತಿ ಏರಿಸಬೇಕು. ಒಂದೇ ಟವರು, ಎಡಕ್ಕೆ ಹಳೆಯ ತಂತಿ, ಬಲಕ್ಕೆ ಹೊಸದು. ಅಂದಮೇಲೆ ಕೆಲಸ ಮಾಡುವಷ್ಟು ಹೊತ್ತು ಹಳೆಯ ಲೈನನ್ನು ಬಂದ್ ಮಾಡಿಸಬೇಕು. ಹಾಗೆ ಬಂದ್ ಮಾಡಿಸಿ ಪಡೆಯುವ ಪರವಾನಗಿಗೆ ಲೈನ್ ಕ್ಲಿಯರ್ ಎನ್ನುತ್ತಾರೆ. ಯಾರು ಪಡೆದರೋ ಅವರೇ, ನನ್ನ ಜನ ಇಷ್ಟು, ಅಷ್ಟೂ ಜನ ಕೆಳಗಿದ್ದಾರೆ ಎಂದು ಹೇಳಿ ಅದನ್ನು ಹಿಂದಿರುಗಿಸಬೇಕು. ಆ ಮಾತು ಮುಗಿದ ನಿಮಿಷಕ್ಕೆ ತಂತಿಯಲ್ಲಿ ಕರೆಂಟು.

ಮೇ ತಿಂಗಳ ಎರಡು ರವಿವಾರ ಸಿಕ್ಕಿದ್ದವು, ಬೆಳಿಗ್ಗೆ ಒಂಬತ್ತರಿಂದ ಮೂರು. ಇಡೀ ಮುಂಡಗೋಡ ತಾಲ್ಲೂಕು ಆರು ತಾಸು ಕರೆಂಟಿಲ್ಲದೆ ಕೂರಬೇಕಾದ್ದರಿಂದ ಮೇಲಿನವರು ಷರತ್ತು ಹಾಕಿದ್ದರು: ಮೊದಲ ರವಿವಾರ ಮೂರಕ್ಕೆ ಸರಿಯಾಗಿ ವಾಪಸು ಬಂದರಷ್ಟೇ ಎರಡನೆಯದು. ಅದು ತಪ್ಪಿದರೆ ಮಳೆ ಹಿಡಿಯುತ್ತದೆ, ಕೆಲಸ ದೀಪಾವಳಿಯ ಆಚೆಗೆ. ಆ ತಾಲ್ಲೂಕಿಗೆ ಇದ್ದದ್ದು ಒಂದೇ ಲೈನು. ಗಾಳಿಗೆ ಒಂದು ಟೊಂಗೆ ಬಿದ್ದರೆ ದವಾಖಾನೆಯೂ ಕತ್ತಲೆ, ನೀರಿನ ಪಂಪೂ ಬಂದ್. ಈ ಮಳೆಗಾಲಕ್ಕೆ ಎರಡನೆಯ ಲೈನು ಕೊಡುತ್ತೇನೆಂದು ಅನ್ನಪೂರ್ಣಾ ಊರವರ ಸಭೆಯಲ್ಲಿ ನಿಂತು ಮಾತು ಕೊಟ್ಟಿದ್ದಳು.

ಆ ಮೊದಲ ರವಿವಾರ ಅವಳು ಬೆಳಗಿನಿಂದ ಐವತ್ತೆಂಟನೆಯ ಟವರಿನಿಂದ ಅರವತ್ತೆರಡರವರೆಗೆ ನಾಲ್ಕು ಸಲ ಓಡಾಡಿದಳು. ನಡುವೆ ಅರವತ್ತೆರಡರಲ್ಲಿ ತಂತಿ ಎಳೆಯುವ ಗಾಲಿ ಸಿಕ್ಕಿಕೊಂಡಿತು. ಗೂಳಪ್ಪ ಕೊನೆಯ ಟವರಾದ ಅರವತ್ತನಾಲ್ಕರಿಂದ ಒಬ್ಬ ಆಳನ್ನು ಅಲ್ಲಿಗೆ ಕರೆಸಿಕೊಂಡು ಅದನ್ನು ಬಿಡಿಸಿದ. ಎರಡೂಕಾಲು ಗಂಟೆಗೆ ಕೆಲಸ ಮುಗಿದು ಅವನು ಸೀಟಿ ಊದಿದ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಆಳುಗಳು ಒಬ್ಬೊಬ್ಬರೇ ರಸ್ತೆಗೆ ಬಂದು, ಬೂಟು ಬಿಚ್ಚಿ, ಟೆಂಪೋದ ಪಕ್ಕ ಹಾಸಿದ ತಾಡಪತ್ರಿಯ ಮೇಲೆ ಸಾಲಾಗಿ ಬಿಟ್ಟಿದ್ದ ತಮ್ಮ ತಮ್ಮ ಚಪ್ಪಲಿ ಹಾಕಿಕೊಂಡರು.

ಅನ್ನಪೂರ್ಣಾ ಪುಸ್ತಕ ತೆಗೆದಳು. ಹದಿನಾಲ್ಕು ಏರಿದ ಸಹಿ, ಹದಿನಾಲ್ಕು ಇಳಿದ ಸಹಿ. ತಲೆ ಎಣಿಸಿದಳು. ಹದಿಮೂರು.

"ರುದ್ರೇಶ ಹೋದ್ನರೀ," ಎಂದ ಗೂಳಪ್ಪ. "ಅವನ ತಂಗಿನ್ನ ನೋಡಾಕ ಬೀಗರು ಬಂದಾರ. ಸಹಿ ಮಾಡೇ ಹೋಗ್ಯಾನ, ನೋಡ್ರಿ."

ಸಹಿ ಇತ್ತು. ಸರಿ. ಗಂಟೆ ಎರಡೂ ನಲವತ್ತು. ರಸ್ತೆಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಮುಂಡಗೋಡದ ಸಬ್‌ಸ್ಟೇಶನ್ನಿನ ಆಪರೇಟರ್ ಮಹಾಬಳೇಶ್ವರನಿಗೆ ಫೋನು ಮಾಡಲು ಹೆಬ್ಬೆರಳು ಗುಂಡಿಯ ಮೇಲಿತ್ತು. ಇಪ್ಪತ್ತು ನಿಮಿಷ ಮುಂಚೆಯೇ ಕೊಟ್ಟುಬಿಟ್ಟರೆ ಮೇಲಿನವರ ಬಾಯಿ ಮುಚ್ಚುತ್ತದೆ. ಆದರೂ ನಿಂತಲ್ಲಿ ನಿಲ್ಲಲಾರದ ಜೀವ, ಟೆಂಪೋಕ್ಕೊಂದು ಸುತ್ತು ಹಾಕಿದಳು. ಹಿಂದಿನ ಗಾಲಿಯ ಮರೆಯಲ್ಲಿ ಒಂದು ಜೊತೆ ಚಪ್ಪಲಿ ಇದ್ದವು. ಉಂಗುಟದ ಪಟ್ಟಿಗೆ ತಾಮ್ರದ ತಂತಿಯಿಂದ ಹೊಲಿಗೆ.

"ಇವು ಯಾರವು?"

ಹದಿಮೂರು ಜನ ತಮ್ಮ ಕಾಲು ನೋಡಿಕೊಂಡರು. ಎಲ್ಲರ ಕಾಲಲ್ಲೂ ಚಪ್ಪಲಿ.

"ಯಾರೋ ದನಾ ಕಾಯಾವರದು ಇರಬೇಕ್ರೀ," ಎಂದ ಗೂಳಪ್ಪ, ಒಮ್ಮೆ ಸಾಲದೆಂಬಂತೆ ಎರಡು ಸಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಅನ್ನಪೂರ್ಣಾ ಚಪ್ಪಲಿ ನೋಡಲಿಲ್ಲ, ಅವುಗಳನ್ನು ಬಿಟ್ಟ ಜಾಗ ನೋಡಿದಳು. ಅಲ್ಲೇ ಎರಡು ಮಾರು ದೂರದಲ್ಲಿ ತಾಡಪತ್ರಿ ಇತ್ತು, ಅದರ ಮೇಲೆ ಜಾಗವೂ ಇತ್ತು. ದನ ಕಾಯುವವನು ಚಪ್ಪಲಿಯನ್ನು ಇಷ್ಟು ನೀಟಾಗಿ ಜೋಡಿಸಿ ಮರೆ ಮಾಡುವುದಿಲ್ಲ. ಇದು ಈ ಸಾಲು ತನ್ನದಲ್ಲ ಎಂದು ತಿಳಿದವನ ಕೆಲಸ. ನೀರಿನ ಡ್ರಮ್ಮಿನ ಹಿಂದಿನ ಆ ಜೊತೆಯನ್ನು ಅವಳು ಮೂವತ್ತೇಳು ವರ್ಷದಿಂದ ಮರೆತಿರಲಿಲ್ಲ.

"ಗೂಳಪ್ಪಾ, ಬದಲಿ ಯಾರು ಬಂದಿದ್ರು?"

"ಯಾರೂ ಇಲ್ರೀ..."

"ಮೂರಕ್ಕ ಕರೆಂಟ್ ಬಿಡತಾರ. ನಾ ಕೇಳಾಕತ್ತೀನಿ, ಯಾರು ಬಂದಿದ್ರು?"

ಗೂಳಪ್ಪನ ಮುಖದ ಬಣ್ಣ ಹೋಯಿತು. "ಜ್ಯೋತಿಬಾ ಅಂತ್ರೀ, ಸನವಳ್ಳಿಯಾಂವ. ರುದ್ರೇಶ ಮಧ್ಯಾಹ್ನನ ಹೋದ್ನಲ್ರೀ, ಇಳಿದ ಸಹಿ ಮುಂಗಡ ಮಾಡಿದ್ದ. ಅವನ ಬೂಟು, ಬೆಲ್ಟು ಹಾಕ್ಕೊಂಡು ಜ್ಯೋತಿಬಾ ಅರವತ್ನಾಕು ಏರಿದ. ಚಲೋ ಕೈರೀ ಅವಂದು. ಸಾಲಿ ದಾಖಲಿ ಇಲ್ಲಂತ ಕಾರ್ಡ್ ಸಿಗಲಿಲ್ಲ. ಇಳಿದು ಅಡವ್ಯಾಗಿಂದ ಹಂಗಽ ಮನೀಗೆ ಹೋಗ್ಯಾನಂತ ತಿಳ್ಕೊಂಡಿದ್ದೆ..."

"ಚಪ್ಪಲಿ ಬಿಟ್ಟು?"

ಗೂಳಪ್ಪ ಗುಡ್ಡದ ಕಡೆ ತಿರುಗಿ ನೋಡಿದ. ಒಂದು ಹೆಸರಿನಡಿ ಎರಡು ದೇಹ. ಅವಳ ಪುಸ್ತಕ ಹೆಸರು ಎಣಿಸಿತ್ತು, ಮನುಷ್ಯರನ್ನು ಎಣಿಸಿರಲಿಲ್ಲ.

ಅವಳು ಮಹಾಬಳೇಶ್ವರನಿಗೆ ಫೋನು ಮಾಡಿ, "ಲೈನ್ ಕ್ಲಿಯರ್ ಈಗ ಕೊಡೂದಿಲ್ಲ. ನನ್ನ ದನಿ ಕೇಳೂತನಕ ಯಾರು ಹೇಳಿದ್ರೂ ಕರೆಂಟ್ ಬಿಡಬ್ಯಾಡ್ರಿ" ಎಂದಳು. ಎರಡು ನಿಮಿಷದಲ್ಲಿ ಮೇಲಿನ ಸಾಹೇಬರ ಫೋನು. ಕೆಟ್ಟ ಮನುಷ್ಯನಲ್ಲ, ಅವಳಿಗಾಗಿ ಆ ಎರಡು ರವಿವಾರ ಹೋರಾಡಿ ತಂದವರೇ ಅವರು. "ಏನಾತು ಅನ್ನಪೂರ್ಣಾ? ಅರ್ಧ ತಾಸು ತಡ ಆದ್ರ ಗಾಲಿ ಸಿಕ್ಕೊಂಡಿತ್ತು ಅಂತ ಬರೀರಿ, ಯಂತ್ರದ ತೊಂದರಿ ಅಂದ್ರ ಮುಂದಿನ ರವಿವಾರ ಹೆಂಗೋ ಉಳಿಸ್ತೇನಿ. ಮತ್ತೇನಾರ ಆಗಿದ್ರ ನನ್ನ ಕೈಯಾಗಿಲ್ಲ." ಗಾಲಿ ಸಿಕ್ಕಿಕೊಂಡದ್ದು ಸುಳ್ಳೂ ಅಲ್ಲವಲ್ಲ! ಅವಳು ಆಗಲಿ ಸರ್ ಎಂದಳೋ ಬಿಟ್ಟಳೋ, ಫೋನು ಜೇಬಿಗಿಟ್ಟು ಓಡತೊಡಗಿದಳು.

ಅರವತ್ತನಾಲ್ಕು ಗುಡ್ಡದ ಆಚೆ ಬದಿಗೆ ಇತ್ತು, ಒಂದೂವರೆ ಕಿಲೋಮೀಟರು ಕಾಲುದಾರಿ. ಗೂಳಪ್ಪ ಏದುತ್ತ ಹಿಂದೆ. ಸೀಟಿ ಜ್ಯೋತಿಬಾನಿಗೆ ಕೇಳಿಸಿಲ್ಲ, ಗಾಳಿ ಅತ್ತ ಕಡೆಯಿಂದ ಬೀಸುತ್ತಿತ್ತು ಎಂದುಕೊಂಡಳು. ಬೆಲ್ಟಿನಲ್ಲಿ ಜೋತು ಎಚ್ಚರ ತಪ್ಪಿದ್ದರೆ? ಬಿದ್ದಿದ್ದರೆ? ಬಿದ್ದಿದ್ದರೆ ಪುಸ್ತಕದ ಪ್ರಕಾರ ಬಿದ್ದದ್ದು ರುದ್ರೇಶ, ಮತ್ತು ರುದ್ರೇಶ ತನ್ನ ಮನೆಯಲ್ಲಿ ಬೀಗರಿಗೆ ಚಹಾ ಕೊಡುತ್ತಿದ್ದಾನೆ. ಈ ವಿಚಾರ ಬಂದದ್ದೇ ಅವಳ ಕಾಲಿಗೆ ಇನ್ನೆರಡು ಚಕ್ರ ಸೇರಿದವು.

ಟವರು ಕಂಡಾಗ ಮೂರು ಇಪ್ಪತ್ತು. ಕಾಲುದಾರಿಯ ಕಡೆಗಿನ ಹೊಸ ತಂತಿಯ ಮಗ್ಗುಲಲ್ಲಿ ಯಾರೂ ಇರಲಿಲ್ಲ. ಕೆಳಗೂ ಯಾರೂ ಬಿದ್ದಿರಲಿಲ್ಲ.

"ಜ್ಯೋತಿಬಾ!"

ಉತ್ತರವಿಲ್ಲ. ಟವರನ್ನು ಸುತ್ತಿ ಆಚೆ ಹೋಗಿ ಮತ್ತೆ ಕೂಗಿದಳು. ಮೇಲೆ ಕಬ್ಬಿಣದ ಪಟ್ಟಿಯ ಹಿಂದೆ ಒಂದು ಹಳದಿ ಹೆಲ್ಮೆಟ್ ಅಲುಗಿತು. ಅದರ ಮೇಲೆ ರುದ್ರೇಶ ಎಂದು ಬಣ್ಣದಲ್ಲಿ ಬರೆದಿತ್ತು. ಅದರ ಕೆಳಗೆ ಐವತ್ತು ದಾಟಿದ ಒಂದು ಮುಖ. ಮನುಷ್ಯ ಹಳೆಯ ತಂತಿಯ ಕಡೆಗೆ ಚಾಚಿದ ಕಬ್ಬಿಣದ ತೋಳಿನ ಮೇಲೆ ಬೆಲ್ಟು ಬಿಗಿದುಕೊಂಡು ಕಾಲು ಚಾಚಿ ಕೂತಿದ್ದ. ಹೊಸ ಮಗ್ಗುಲಲ್ಲಿ ಕೂತರೆ ದಾರಿಯಿಂದ ಕಾಣುತ್ತಾನೆ, ಅದಕ್ಕೆ ಈ ಮಗ್ಗುಲು. ಮೂರಕ್ಕೆ ಅವಳು ಮಾತು ಕೊಟ್ಟಿದ್ದರೆ ಅವನ ಅಂಗಾಲಿನ ಹತ್ತಿರದ ಆ ತಂತಿಯಲ್ಲಿ ಇಪ್ಪತ್ತು ನಿಮಿಷದಿಂದ ಕರೆಂಟು ಇರುತ್ತಿತ್ತು. ಅನ್ನಪೂರ್ಣಾ ಟವರಿನ ಕಾಲು ಹಿಡಿದುಕೊಂಡಳು.

ಅವನು ಸರಸರನೆ ಇಳಿದು ಬಂದ. ಗೂಳಪ್ಪ ಹೇಳಿದ್ದು ನಿಜ, ಚಲೋ ಕೈ. ಕೆಳಗೆ ಬಂದವನು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟು ನಿಂತ.

"ಸೀಟಿ ಕೇಳಲಿಲ್ಲೇನು?"

"ಕೇಳಿತ್ರೀ."

"ಮತ್ತ ಯಾಕ ಇಳೀಲಿಲ್ಲ?"

ಜ್ಯೋತಿಬಾ ಗೂಳಪ್ಪನ ಮುಖ ನೋಡಿದ. ಗೂಳಪ್ಪ ನೆಲ ನೋಡಿದ.

"ರಸ್ತ್ಯಾಗ ನೀವು ಇದ್ರಲ್ರೀ. ನಾ ಬಂದ್ರ ನೀವು ನೋಡ್ತಿದ್ರಿ. ನೋಡಿದ್ರ ಇಡೀ ಗ್ಯಾಂಗ್ ಮನೀಗೆ, ಬೋರ್ಡಿನ ಮ್ಯಾಲ ಬರ್ದೈತಲ್ರೀ. ಮ್ಯಾಲ ಕುಂತ್ರ ರಸ್ತೆ ಕಾಣತೈತಿ, ನಿಮ್ಮ ಟೆಂಪೋ ಹೋದ ಮ್ಯಾಲ ಇಳದ್ರಾತು ಅಂತ ಕುಂತೆ."

"ಮೂರಕ್ಕ ಕರೆಂಟ್ ಬರೂದು ಗೊತ್ತಿರಲಿಲ್ಲೇನೋ ಮಾರಾಯಾ?"

"ಗೊತ್ತಿತ್ರೀ. ಗಡಿಯಾರ ಇರಲಿಲ್ಲ. ಮೋಡ ಆಗಿ ಹೊತ್ತು ತಿಳೀಲಿಲ್ಲ. ಇನ್ನೂ ಟೈಮ್ ಐತಿ ಅಂದ್ಕೊಂಡಿದ್ದೆ." ಹೆಲ್ಮೆಟ್ಟಿನ ಮೇಲಿನ ಹೆಸರು ತೋರಿಸಿ ಹೇಳಿದ, "ಈಗೂ ನೀವು ನನ್ನ ಹೆಸರ್ಲೇ ಕರದ್ರಿ. ಸಿಕ್ಕೊಂಡೆ ಅಂತ ಅಂಜಿ ಸುಮ್ಮನಿದ್ದೆ. ರುದ್ರೇಶಾ ಅಂದಿದ್ರ ಓ ಅಂತಿದ್ದೆ."

ಅವಳಿಗೆ ಬಯ್ಯಬೇಕೆನಿಸಿತು. ರುದ್ರೇಶನನ್ನು, ಗೂಳಪ್ಪನನ್ನು, ಎದುರಿಗೆ ನಿಂತ ಈ ನಿಯತ್ತಿನ ಹುಚ್ಚನನ್ನು. ಆದರೆ ಅಪ್ಪನ ಹಾಗೆ ಇನ್ನೊಬ್ಬನಿಗೆ ಆಗಬಾರದೆಂದು ಅವಳು ಬರೆಸಿದ ಬೋರ್ಡು, ಅಪ್ಪನಂಥವನನ್ನೇ ತಂತಿಯ ಮಗ್ಗುಲಲ್ಲಿ ಅಡಗಿಸಿ ಕೂರಿಸಿತ್ತು. ಅವನು ಕರೆಂಟಿಗೆ ಅಂಜಿರಲಿಲ್ಲ, ಅವಳಿಗೆ ಅಂಜಿದ್ದ. ನಾಚಿಕೆ ಎಂದರೆ ಏನೆಂದು ಅವಳಿಗೆ ಆ ಟವರಿನ ಬುಡದಲ್ಲಿ ತಿಳಿಯಿತು.

ಮೂವರೂ ರಸ್ತೆಗೆ ಬಂದಾಗ ನಾಲ್ಕಾಗಿತ್ತು. ಆಳುಗಳು ಎದ್ದು ನಿಂತರು. ಜ್ಯೋತಿಬಾ ಸೀದಾ ಗಾಲಿಯ ಮರೆಗೆ ಹೋಗಿ ತನ್ನ ಚಪ್ಪಲಿ ಹುಡುಕಿಕೊಂಡ. ಅನ್ನಪೂರ್ಣಾ ಫೋನು ಹಚ್ಚಿದಳು. ಗೂಳಪ್ಪ ಹತ್ತಿರ ಬಂದು ಕೈ ಮುಗಿದು ಪಿಸುಗುಟ್ಟಿದ, "ಗಾಲಿ ಸಿಕ್ಕೊಂಡಿತ್ತು ಅನ್ರೀ ಬಾಯಾರ. ಹದಿನಾಲ್ಕು ಅನ್ರಿ. ಎಲ್ಲಾರೂ ಉಳೀತೇವಿ, ರವಿವಾರನೂ ಉಳೀತೈತಿ." ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಂಬಿದ ಮನುಷ್ಯ. ಅವನು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ ಎನ್ನುವುದೇ ಕಷ್ಟವಾಗಿತ್ತು. ಮುಂಡಗೋಡದ ಮಳೆಗಾಲ, ಸಭೆಯಲ್ಲಿ ಕೊಟ್ಟ ಮಾತು, ಎರಡು ವರ್ಷದ ಓಡಾಟ, ಎಲ್ಲ ಒಂದು ಅಂಕೆಯ ಮೇಲೆ ನಿಂತಿತ್ತು.

"ಹೇಳ್ರಿ ಬಾಯಾರ," ಎಂದ ಅತ್ತ ಕಡೆಯಿಂದ ಮಹಾಬಳೇಶ್ವರ.

"ಲೈನ್ ಕ್ಲಿಯರ್ ವಾಪಸ್ ಕೊಡಾಕತ್ತೀನಿ, ಬರಕೋರಿ. ನನ್ನ ಸಾಮಾನು ಎಲ್ಲಾ ಕೆಳಗೈತಿ. ನನ್ನ ಜನ ಹದಿನೈದು. ಹದಿನೈದೂ ಜನ ಕೆಳಗದಾರ."

ಅತ್ತ ಪುಟ ತಿರುವಿದ ಸದ್ದು. "ಪರವಾನಗಿಯಾಗ ಹದಿನಾಲ್ಕು ಐತಲ್ರೀ."

"ಹದಿನಾಲ್ಕು ತಪ್ಪು. ಹದಿನೈದನೇಯಾಂವ ಜ್ಯೋತಿಬಾ, ಸನವಳ್ಳಿ. ಹೆಸರು ಬರಕೋರಿ."

"ಬರದ್ರ ನಿಮಗ ತ್ರಾಸ ಆಗತೈತ್ರೀ."

"ಬರೀರಿ."

ತ್ರಾಸ ಆಯಿತು. ಮುಂದಿನ ರವಿವಾರ ಹೋಯಿತು. ಗೂಳಪ್ಪನ ಗ್ಯಾಂಗು ಎರಡು ತಿಂಗಳು ಮನೆಯಲ್ಲಿ ಕೂತಿತು, ಅವಳು ಕಾರವಾರಕ್ಕೆ ಮೂರು ಸಲ ಹೋಗಿ ವಿಚಾರಣೆಗೆ ನಿಂತಳು. ಆ ಮಳೆಗಾಲದಲ್ಲಿ ಮುಂಡಗೋಡ ಒಂಬತ್ತು ಸಲ ಕತ್ತಲಾಯಿತು, ಒಂಬತ್ತು ಸಲವೂ ಊರವರು ಅವಳಿಗೆ ಫೋನು ಮಾಡಿ ಬೈದರು, ಅವಳು ಬೈಸಿಕೊಂಡಳು. ಹೊಸ ಲೈನು ಚಾಲೂ ಆದದ್ದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಶಾಲೆಯ ದಾಖಲೆ ಇ‌ಲ್ಲದವರಿಗೂ ಕೈಕೆಲಸ ನೋಡಿ ಕಾರ್ಡು ಕೊಡುವ ವ್ಯವಸ್ಥೆಯನ್ನು ಜಗಳ ಮಾಡಿಯೇ ತಂದಿದ್ದಳು, ಬೋರ್ಡಿನ ಎರಡನೆಯ ಸಾಲನ್ನು ತಾನೇ ಸುಣ್ಣ ಬಳಿದು ಅಳಿಸಿದ್ದಳು.

ಅವೆಲ್ಲ ಆಮೇಲಿನ ಮಾತು. ಆ ಸಂಜೆ ಫೋನು ಇಟ್ಟು ಅವಳು ಪುಸ್ತಕ ತೆಗೆದು, ಹದಿನಾಲ್ಕನೆಯ ಹೆಸರಿನ ಕೆಳಗೆ ಇನ್ನೊಂದು ಗೆರೆ ಎಳೆದು, ಏರಿದ ಹೊತ್ತು, ಇಳಿದ ಹೊತ್ತು ಬರೆದಳು. ಜ್ಯೋತಿಬಾನನ್ನು ಕರೆದು ಪೆನ್ನು ಕೊಟ್ಟಳು. ಅವನು ತಾಡಪತ್ರಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಖಾಲಿ ಗೆರೆಯನ್ನು ನೋಡಿ ತಲೆ ಎತ್ತಿದ.

"ಯಾರ ಹೆಸರು ಬರೀಲಿರೀ?"

ಬೆಳಗಿನಿಂದ ಮೊದಲ ಸಲ ಅವಳು ನೆಲಕ್ಕೆ ಕೂತಳು, ಅವನ ಪಕ್ಕದಲ್ಲೇ.

"ನಿಂದಽ ಬರಿಯಪ್ಪಾ," ಎಂದಳು.

ಅಕ್ಷರ ಅಭ್ಯಾಸವಿಲ್ಲದ ಕೈ. ತನ್ನ ಹೆಸರು ಬರೆಯಲು ಅವನಿಗೆ ತುಂಬ ಹೊತ್ತು ಹಿಡಿಯಿತು. ಬರೆದು ಮುಗಿಯುವ ತನಕ ಅವಳು ಕೂತೇ ಇದ್ದಳು.